ಚಾರ್ಜರ್ ಸಹಿಸುತ್ತದೆ ಅಂತ ನಾವೂ ಸಹಿಸಬೇಕೆ?

ಗೆಳೆಯರೇ, ಇದನ್ನು ಓದುವ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಫೋನಿನ ಚಾರ್ಜರನ್ನು ಪ್ಲಗ್‌ನಿಂದ ತೆಗೆದು, ಅದರ ಮೈಮೇಲೆ ಇರುವೆ ಸಾಲಿನ ಹಾಗೆ ಬರೆದಿರುವ ಅಕ್ಷರಗಳನ್ನು ನೋಡಿ. ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್ ಎಂದಿರುತ್ತದೆ. ಆಮೇಲೆ ಅಡುಗೆಮನೆಗೆ ಹೋಗಿ ಮಿಕ್ಸಿಯನ್ನು ತಿರುಗಿಸಿ ನೋಡಿ. ಅಲ್ಲಿ 230 ವೋಲ್ಟ್ ಎಂದೋ 220–240 ವೋಲ್ಟ್ ಎಂದೋ ಇರುತ್ತದೆ, ಅಷ್ಟೇ. ಒಂದೇ ಮನೆ, ಒಂದೇ ವಯರು, ಆದರೆ ಒಂದು ವಸ್ತು ಎಷ್ಟು ಕಡಿಮೆ ಕೊಟ್ಟರೂ ಸುಧಾರಿಸಿಕೊಳ್ಳುತ್ತದೆ, ಇನ್ನೊಂದಕ್ಕೆ ಸಾಧ್ಯವಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳ ಹಳ್ಳಿಗಳಿಂದ ಕಾಲೇಜಿಗೆ ಬರುವ ನಮಗೆ ‘ಲೋ ವೋಲ್ಟೇಜ್’ ಹೊಸ ಮಾತಲ್ಲ. ‘ಕರೆಂಟ್ ಉಂಟಾ?’ ಎಂದು ಕೇಳಿದರೆ ‘ಉಂಟು, ಆದ್ರೆ ಇಲ್ಲ’ ಎನ್ನುವ ಉತ್ತರ ನಮ್ಮ ಕಡೆ ಮಾಮೂಲು. ಪೂರ್ತಿ ಹೋದರೆ ಎಲ್ಲರೂ ಫೋನ್ ಮಾಡುತ್ತಾರೆ. ಇದ್ದೂ ಅರ್ಧ ಇದ್ದರೆ ಯಾರೂ ಮಾಡುವುದಿಲ್ಲ. ಇದಕ್ಕೆ ಒಂದು ಕಾರಣ ನಮ್ಮ ಕೈಯಲ್ಲಿರುವ ಸಣ್ಣ ಸಾಧನಗಳೇ ಎಂದು ನನಗೆ ಅನಿಸುತ್ತದೆ. ಫೋನ್ ಚಾರ್ಜ್ ಆಗುತ್ತದೆ, ವೈಫೈ ಉರಿಯುತ್ತದೆ, ಎಲ್‌ಇಡಿ ಬಲ್ಬು ಬೆಳಗುತ್ತದೆ. ಹಾಗಾಗಿ ಮನೆಯಲ್ಲಿ ಓದಿದವರು, ಅರ್ಜಿ ಬರೆಯಲು ಬರುವವರು, ಅಂದರೆ ನಾವು, ತೊಂದರೆ ಇದೆ ಎಂದೇ ತಿಳಿಯುವುದಿಲ್ಲ. ತಿಳಿಯುವುದು ಮಿಕ್ಸಿಯ ಮುಂದೆ ನಿಂತ ಉಮ್ಮನಿಗೆ, ಅಡಿಕೆ ತೋಟದಲ್ಲಿ ಪಂಪು ಎತ್ತುತ್ತಿಲ್ಲ ಎಂದು ಕಾಯುವ ಅಪ್ಪನಿಗೆ. ಅವರು ಅರ್ಜಿ ಬರೆಯುವುದಿಲ್ಲ, ‘ಇಲ್ಲಿ ಹೀಗೇ’ ಎಂದು ಸುಮ್ಮನಾಗುತ್ತಾರೆ.

ವಿಷಯವನ್ನು ಸ್ವಲ್ಪ ಬುಡದಿಂದ ನೋಡೋಣ. ಲ್ಯಾಬಿನಲ್ಲಿ ರೆಸಿಸ್ಟರ್‌ನ ಬಣ್ಣದ ಪಟ್ಟಿ ಓದಿದ್ದೇವೆ. ಕೊನೆಯ ಪಟ್ಟಿ ಚಿನ್ನದ ಬಣ್ಣವಾದರೆ ಶೇಕಡಾ 5, ಬೆಳ್ಳಿಯಾದರೆ ಶೇಕಡಾ 10 ಟಾಲರೆನ್ಸ್. 100 ಓಮ್ ಎಂದು ಬರೆದಿದ್ದು 95 ಇದ್ದರೂ 105 ಇದ್ದರೂ ತಪ್ಪಲ್ಲ ಎಂದರ್ಥ. ವೋಲ್ಟೇಜಿಗೂ ಇದೇ ರೀತಿ ತಾಳುವ ಮಿತಿ ಇದೆ. ನಮಗೆ ಗೊತ್ತಿರುವ ಹಳೆಯ 7400 ಸಾಲಿನ ಐಸಿಗೆ 5 ವೋಲ್ಟ್ ಬೇಕು. ಅದು 4.75ರಿಂದ 5.25ರ ಒಳಗೆ ಇರಬೇಕು. ಯುಎಸ್‌ಬಿಯ ಮೊದಲ ನಿಯಮಗಳಲ್ಲೂ ಪೋರ್ಟಿನಿಂದ ಬರುವ 5 ವೋಲ್ಟಿಗೆ ಇದೇ ಗಡಿ. ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರಿಗೆ ಸಪ್ಲೈ 4.63 ವೋಲ್ಟಿಗಿಂತ ಕೆಳಗಿಳಿದರೆ ಅದು ಪರದೆಯ ಮೇಲೆ ಮಿಂಚಿನ ಗುರುತು ತೋರಿಸಿ ದೂರು ಕೊಡುತ್ತದೆ. ವೈಫೈ ಪ್ರಾಜೆಕ್ಟುಗಳಿಗೆ ನಾವು ಬಳಸುವ ಇಎಸ್‌ಪಿ ಚಿಪ್ 3.3 ವೋಲ್ಟಿನದು, 3.6ಕ್ಕಿಂತ ಹೆಚ್ಚು ಕೊಡಬಾರದು. ಅದಕ್ಕೆ ನೇರವಾಗಿ 5 ವೋಲ್ಟ್ ಕೊಟ್ಟರೆ ವಿಜ್ಞಾನ ಮೇಳದ ಹಿಂದಿನ ರಾತ್ರಿ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಹೀಗೆ ಒಳಗಿನ ಚಿಪ್ಪು ಬಹಳ ಸೂಕ್ಷ್ಮ. ಆದರೆ ಗೋಡೆಯ ಪ್ಲಗ್ಗಿನಿಂದ ಬರುವುದು ಎಷ್ಟು ಏರಿಳಿದರೂ ಫೋನಿಗೆ ಏನೂ ಆಗುವುದಿಲ್ಲ. ನಡುವೆ ನಿಂತು ಕಾಯುವುದು ಆ ಸಣ್ಣ ಚಾರ್ಜರ್. ಅದರೊಳಗೆ ಮೊದಲು ಏಸಿಯನ್ನು ಡಿಸಿ ಮಾಡುತ್ತಾರೆ. 230 ವೋಲ್ಟ್ ಏಸಿಯ ಶಿಖರ ಮೌಲ್ಯ 230 × 1.414, ಅಂದರೆ ಸುಮಾರು 325 ವೋಲ್ಟ್. ಅದು ಒಂದು ಕೆಪಾಸಿಟರ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ ಒಂದು ಟ್ರಾನ್ಸಿಸ್ಟರ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಸ್ವಿಚ್ ಆನ್-ಆಫ್ ಮಾಡಿ, ಬೆರಳ ತುದಿಯಷ್ಟು ಟ್ರಾನ್ಸ್‌ಫಾರ್ಮರ್ ಮೂಲಕ ಇನ್ನೊಂದು ಬದಿಗೆ ಶಕ್ತಿ ದಾಟಿಸುತ್ತದೆ. ಔಟ್‌ಪುಟ್ ಸ್ವಲ್ಪ ಇಳಿಯಿತೆಂದರೆ ಸುದ್ದಿ ಹಿಂದಕ್ಕೆ ಹೋಗುತ್ತದೆ, ಸ್ವಿಚ್ ಇನ್ನಷ್ಟು ಹೊತ್ತು ಆನ್ ಇರುತ್ತದೆ. ಏರಿತೆಂದರೆ ಕಡಿಮೆ ಹೊತ್ತು. ಹಾಗಾಗಿ ಈ ಕಡೆ 100 ಇರಲಿ 240 ಇರಲಿ, ಆ ಕಡೆ 5 ವೋಲ್ಟೇ. ಲೇಬಲ್ಲಿನ ಗಡಿಯ ಆಚೆಗೂ ಶೇಕಡಾ 10ರಷ್ಟು ತಾಳಬೇಕು ಎಂದು ಅಂತಾರಾಷ್ಟ್ರೀಯ ಮಾನದಂಡ ಹೇಳುತ್ತದೆ. ಅಂದರೆ ಒಳ್ಳೆಯ ಚಾರ್ಜರ್ 90ರಿಂದ 264 ವೋಲ್ಟಿನವರೆಗೆ ಕೆಲಸ ಮಾಡುತ್ತದೆ. ಜಪಾನಿನಲ್ಲಿ 100 ವೋಲ್ಟ್, ಅಮೆರಿಕದಲ್ಲಿ 120, ನಮ್ಮಲ್ಲಿ 230. ಎಲ್ಲ ದೇಶಕ್ಕೂ ಒಂದೇ ಚಾರ್ಜರ್ ಮಾರಲಿಕ್ಕೆ ಕಂಪನಿಗಳು ಹೀಗೆ ಮಾಡಿದವು. ಅದು ಮಲೆನಾಡಿನ ಲೋ ವೋಲ್ಟೇಜಿಗೂ ಮದ್ದಾಯಿತು, ನಮ್ಮ ಪುಣ್ಯ.

ನಮ್ಮ ಹಿರಿಯರ ಕಾಲದ ಅಡಾಪ್ಟರ್ ಹೀಗಿರಲಿಲ್ಲ. ಕಬ್ಬಿಣದ ಹಾಳೆಯ ಟ್ರಾನ್ಸ್‌ಫಾರ್ಮರ್ ಇದ್ದ, ಕೈಗೆ ಭಾರವಾದ ಕಪ್ಪು ಡಬ್ಬಿ ಅದು. ಹೋಗುವುದು ಇಳಿದರೆ ಬರುವುದೂ ಅದೇ ಅನುಪಾತದಲ್ಲಿ ಇಳಿಯುತ್ತಿತ್ತು. 230ಕ್ಕೆ 9 ವೋಲ್ಟ್ ಕೊಡುವ ಅಡಾಪ್ಟರ್ 170ಕ್ಕೆ 6.7 ವೋಲ್ಟ್ ಮಾತ್ರ ಕೊಡುತ್ತದೆ. ಅದರ ಮುಂದೆ 7805 ರೆಗ್ಯುಲೇಟರ್ ಇದ್ದರೆ ಅದಕ್ಕೆ 5 ವೋಲ್ಟ್ ಕೊಡಲು ಕನಿಷ್ಠ 7 ವೋಲ್ಟ್ ಬೇಕು, ಸಾಲುವುದಿಲ್ಲ. ರೇಡಿಯೋ ಗುಂಯ್ ಎನ್ನುತ್ತಿತ್ತು. ಮಸೀದಿಯ ಹಳೆಯ ಆಂಪ್ಲಿಫೈಯರ್ ಒಡಕು ದನಿ ಮಾಡುತ್ತಿತ್ತು, ಆಗ 12 ವೋಲ್ಟ್ ಬ್ಯಾಟರಿಗೆ ಹಾಕುತ್ತಿದ್ದರು. ಯಕ್ಷಗಾನದ ಮೈಕಿನವರಿಗೂ ಇದೇ ಪಾಡು. ಆ ಡಬ್ಬಿ ದಕ್ಷವಲ್ಲ, ಬಿಸಿಯಾಗುತ್ತಿತ್ತು, ಅದನ್ನು ಮರಳಿ ತರಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಲೈನಿನಲ್ಲಿ ಏನು ನಡೆಯುತ್ತಿದೆ ಎಂಬ ಸತ್ಯವನ್ನು ಅದು ಹೇಳುತ್ತಿತ್ತು. ಈಗಿನ ಚಾರ್ಜರ್ ಸಭ್ಯ, ಏನನ್ನೂ ಹೇಳುವುದಿಲ್ಲ.

ಬಾಯಿ ಬಿಡುವ ಒಂದು ಹೊಸ ಸಾಧನವೂ ಇದೆ, ಮನೆಯ ಇನ್‌ವರ್ಟರ್. ಅನೇಕ ಇನ್‌ವರ್ಟರ್‌ಗಳ ಹಿಂದೆ ಯುಪಿಎಸ್, ನಾರ್ಮಲ್ ಎಂಬ ಸ್ವಿಚ್ ಇರುತ್ತದೆ. ಯುಪಿಎಸ್ ಕಡೆ ಇಟ್ಟರೆ ಲೈನಿನ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದ ಕೂಡಲೇ ಅದು ‘ಕರೆಂಟ್ ಹೋಯಿತು’ ಎಂದು ತೀರ್ಮಾನಿಸಿ ಬ್ಯಾಟರಿಗೆ ಬದಲಾಗುತ್ತದೆ. ಕಂಬದ ಲೈಟು ಉರಿಯುತ್ತಿದೆ, ಮೀಟರ್ ಓಡುತ್ತಿದೆ, ಇನ್‌ವರ್ಟರ್ ಮಾತ್ರ ಕರೆಂಟ್ ಇಲ್ಲ ಎನ್ನುತ್ತದೆ. ನನ್ನನ್ನು ಕೇಳಿದರೆ ಇಡೀ ಮನೆಯಲ್ಲಿ ಪ್ರಾಮಾಣಿಕ ಅದೊಂದೇ.

ಈಗ ವೋಲ್ಟೇಜ್ ಇಳಿಯುವುದು ಎಲ್ಲಿ ಎಂದು ನೋಡೋಣ. ಇದಕ್ಕೆ ನಿಮ್ಮ ಚಾರ್ಜಿಂಗ್ ಕೇಬಲ್ಲೇ ಒಳ್ಳೆಯ ಮಾದರಿ. ಅಗ್ಗದ ತೆಳು ಕೇಬಲ್ಲಿನ ಹೋಗುವ, ಬರುವ ತಂತಿ ಸೇರಿ ಕಾಲು ಓಮ್ ರೋಧ ಇದೆ ಎಂದುಕೊಳ್ಳಿ. 2 ಆಂಪಿಯರ್ ಹರಿದರೆ ಓಮ್‌ನ ನಿಯಮದಂತೆ ಅರ್ಧ ವೋಲ್ಟ್ ಕೇಬಲ್ಲಿನಲ್ಲೇ ನಷ್ಟ. ಚಾರ್ಜರ್ ಸರಿಯಾಗಿ 5 ವೋಲ್ಟ್ ಕೊಟ್ಟರೂ ತುದಿಗೆ ಬರುವುದು 4.5. ಚಾರ್ಜರಿನದ್ದು ತಪ್ಪಲ್ಲ, ಫೋನಿನದ್ದೂ ಅಲ್ಲ, ನಡುವಿನ ತಂತಿಯದ್ದು.

ಇದನ್ನೇ ದೊಡ್ಡದು ಮಾಡಿ. ನಮ್ಮಲ್ಲಿ ಬಯಲುಸೀಮೆಯ ಹಾಗೆ ಮನೆಗಳು ಒತ್ತೊತ್ತಾಗಿಲ್ಲ. ಗುಡ್ಡಕ್ಕೊಂದು ಮನೆ, ಕಣಿವೆಗೊಂದು ತೋಟ. ಟ್ರಾನ್ಸ್‌ಫಾರ್ಮರ್‌ನಿಂದ ಹೊರಟ ಲೈನು ಗದ್ದೆ, ಹಳ್ಳ, ಕಾಡು ದಾಟಿ ಕೊನೆಯ ಮನೆಗೆ ಬರುವಷ್ಟರಲ್ಲಿ ಒಂದು ಕಿಲೋಮೀಟರ್ ಆಗಿರುವುದು ಆಶ್ಚರ್ಯವಲ್ಲ. ಈ ಅಲ್ಯೂಮಿನಿಯಂ ತಂತಿಗಳಿಗೆ ಪ್ರಾಣಿಗಳ ಹೆಸರು ಇಟ್ಟಿದ್ದಾರೆ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ: ಸ್ಕ್ವಿರಲ್, ವೀಸಲ್, ರ‍್ಯಾಬಿಟ್. ಈ ಮೂರರಲ್ಲಿ ಅಳಿಲು ತೆಳು, ಮೊಲ ದಪ್ಪ. ಕಿಲೋಮೀಟರಿಗೆ ಅಳಿಲಿನ ರೋಧ ಸುಮಾರು 1.4 ಓಮ್, ವೀಸಲ್‌ನದು ಸುಮಾರು 0.9, ಮೊಲದ್ದು ಸುಮಾರು 0.55. ಒಂದು ಕಿಲೋಮೀಟರ್ ವೀಸಲ್ ತಂತಿಯ ತುದಿಯಲ್ಲಿ ಒಂದೇ ಫೇಸಿನಿಂದ ಕೆಲವು ಮನೆಗಳು ಸೇರಿ 20 ಆಂಪಿಯರ್ ಎಳೆದರೆ, ಫೇಸಿನ 0.9, ನ್ಯೂಟ್ರಲಿನ 0.9, ಒಟ್ಟು 1.8 ಓಮ್. 20 × 1.8, ಅಂದರೆ 36 ವೋಲ್ಟ್ ದಾರಿಯಲ್ಲೇ ಮುಗಿಯಿತು. ಟ್ರಾನ್ಸ್‌ಫಾರ್ಮರ್ ಬಳಿ 230 ಇದ್ದದ್ದು ತುದಿಯಲ್ಲಿ 194. ತಂತಿ ಅಳಿಲಿನದಾದರೆ 174. ಇದು ಪರೀಕ್ಷೆಯ ಎರಡು ಅಂಕದ ಲೆಕ್ಕ, ಇದರಲ್ಲಿ ರಹಸ್ಯವೇನೂ ಇಲ್ಲ.

ರಂಜಾನ್ ತಿಂಗಳಲ್ಲಿ ಈ ಲೆಕ್ಕ ಕಿವಿಗೇ ಕೇಳಿಸುತ್ತದೆ. ಸಹರಿ ಹೊತ್ತಿಗೆ ಊರೆಲ್ಲ ಮಲಗಿರುತ್ತದೆ, ಲೈನಿನಲ್ಲಿ ಹೊರೆ ಇಲ್ಲ. ಮಿಕ್ಸಿ ಗಿರ್ರೆಂದು ತಿರುಗುತ್ತದೆ. ಅದೇ ಮಿಕ್ಸಿ, ಅದೇ ಪ್ಲಗ್ಗು, ಇಫ್ತಾರಿಗೆ ಮುಂಚೆ ಹಾಕಿದರೆ ನರಳುತ್ತದೆ. ಆಗ ಊರಿನ ಎಲ್ಲ ಮನೆಯ ದೀಪ, ಟೀವಿ, ಗ್ರೈಂಡರ್ ಒಟ್ಟಿಗೆ ಎಳೆಯುತ್ತಿರುತ್ತವೆ. ಬೇಸಿಗೆಯಾದರೆ ತೋಟದ ಪಂಪುಗಳೂ ಸೇರುತ್ತವೆ. ಪಂಪಿನ ಇಂಡಕ್ಷನ್ ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 230ರ ಜಾಗದಲ್ಲಿ 170 ಇದ್ದರೆ ವೋಲ್ಟೇಜ್ ಶೇಕಡಾ 74, ಆದರೆ ತಿರುಗುಬಲ ಶೇಕಡಾ 55 ಮಾತ್ರ. ಮೋಟರ್ ಎದ್ದೇಳಲಾರದೆ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ. ಫ್ರಿಜ್ಜಿನ ಕಂಪ್ರೆಸರಿನದ್ದೂ ಇದೇ ಕತೆ. ಟಿಕ್ ಎನ್ನುತ್ತದೆ, ಗುಂಯ್ ಎನ್ನುತ್ತದೆ, ಮತ್ತೆ ಟಿಕ್ ಎಂದು ಸುಮ್ಮನಾಗುತ್ತದೆ. ಆ ಫ್ರಿಜ್ಜಿನಲ್ಲಿ ಅಜ್ಜಿಯ ಇನ್ಸುಲಿನ್ ಇರಬಹುದು. ಬಳಕೆಗೆ ತೆಗೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಉಬ್ಬಸದ ಮಕ್ಕಳಿಗೆ ಹಾಕುವ ನೆಬ್ಯುಲೈಸರಿನಲ್ಲೂ ಸಣ್ಣ ಕಂಪ್ರೆಸರ್ ಇರುತ್ತದೆ. ಗಾತ್ರದಲ್ಲಿ ಅದು ಚಾರ್ಜರಿನ ಬಂಧು, ಗುಣದಲ್ಲಿ ಪಂಪಿನ ಬಂಧು. ವೋಲ್ಟೇಜ್ ಇಳಿದರೆ ಗಾಳಿಯ ಒತ್ತಡ ಇಳಿಯುತ್ತದೆ, ಔಷಧಿಯ ಮಂಜು ಸರಿಯಾಗಿ ಏಳುವುದಿಲ್ಲ. ಮಳೆಗಾಲದ ರಾತ್ರಿ ಉಸಿರಿಗೆ ಒದ್ದಾಡುವ ಮಗುವಿನ ಮನೆಗೆ ‘ಕರೆಂಟ್ ಇದೆಯಲ್ಲ’ ಎಂಬ ಮಾತು ಎಷ್ಟು ಸಮಾಧಾನ ಕೊಡುತ್ತದೆ?

‘ಸ್ಟೆಬಿಲೈಸರ್ ಹಾಕಿಸಿ’ ಎನ್ನುವವರಿದ್ದಾರೆ. ಹೆಚ್ಚಿನ ಮನೆಗಳು ಮಾಡಿರುವುದೂ ಅದನ್ನೇ. ನಮ್ಮ ಪೇಟೆಯ ಅಂಗಡಿಗೆ ಸ್ಟೆಬಿಲೈಸರ್ ತರಲು ಹೋದರೆ ಬೆಲೆಯ ಮಾತಿಗೂ ಮುಂಚೆ ‘ಯಾವ ಊರು ನಿಮ್ದು?’ ಎಂಬ ಪ್ರಶ್ನೆ ಬರುತ್ತದೆ. ಊರಿನ ಹೆಸರು ಹೇಳಿದರೆ ‘ಹಾಗಾದ್ರೆ 130ರದ್ದು ಆಗಲ್ಲ, 90ರದ್ದೇ ತಗೊಳ್ಳಿ’ ಎನ್ನುತ್ತಾರೆ. 90 ವೋಲ್ಟಿನಿಂದ ಎತ್ತಿಕೊಡುವ ಮಾದರಿ ಅಂತ ಅರ್ಥ. ಯಾವ ಊರಿನ ಲೈನು ಎಷ್ಟು ಕೆಟ್ಟಿದೆ ಎಂಬ ಪಟ್ಟಿ ಅಂಗಡಿಯವರ ಬಾಯಲ್ಲಿದೆ, ಸರ್ಕಾರಿ ಕಡತದಲ್ಲಿ ಇರಬೇಕಾಗಿತ್ತು.

ಸ್ಟೆಬಿಲೈಸರ್ ಬಗ್ಗೆ ನನ್ನ ತಕರಾರು ಬೇರೆಯೇ. ಅದು ವೋಲ್ಟೇಜನ್ನು ಸೃಷ್ಟಿ ಮಾಡುವುದಿಲ್ಲ, ಲೈನಿನಿಂದ ಹೆಚ್ಚು ಕರೆಂಟ್ ಎಳೆದು ಎತ್ತಿ ಕೊಡುತ್ತದೆ. 170 ವೋಲ್ಟ್ ತೆಗೆದುಕೊಂಡು 220ಕ್ಕೆ ಏರಿಸಿ 5 ಆಂಪಿಯರ್ ಕೊಡಬೇಕಾದರೆ ಅದು ಲೈನಿನಿಂದ ಸುಮಾರು 6.5 ಆಂಪಿಯರ್ ಎಳೆಯಬೇಕು. ಕರೆಂಟ್ ಹೆಚ್ಚಾದರೆ ತಂತಿಯಲ್ಲಿ ನಷ್ಟ ಹೆಚ್ಚು, ಮುಂದಿನ ಮನೆಗೆ ವೋಲ್ಟೇಜ್ ಇನ್ನೂ ಕಡಿಮೆ. ಅವರೂ ಸ್ಟೆಬಿಲೈಸರ್ ತರುತ್ತಾರೆ. ಸಾಲಿನಲ್ಲಿ ಕೊನೆಯ ಮನೆ, ಸಾಮಾನ್ಯವಾಗಿ ಕೂಲಿಗೆ ಹೋಗುವವರದ್ದು, ಸ್ಟೆಬಿಲೈಸರ್ ಕೊಳ್ಳಲಾರದವರದ್ದು, ಎಲ್ಲರ ಭಾರ ಹೊರುತ್ತದೆ. ಚಾರ್ಜರಿನ ಸಹನೆಯೂ ಹೀಗೆಯೇ. 20 ವಾಟ್ ಬೇಕೆಂದರೆ ಅದಕ್ಕೆ 20 ವಾಟ್ ಬೇಕೇ ಬೇಕು. ವೋಲ್ಟೇಜ್ ಅರ್ಧವಾದರೆ ಕರೆಂಟನ್ನು ದುಪ್ಪಟ್ಟು ಎಳೆದುಕೊಳ್ಳುತ್ತದೆ. ಹಳೆಯ ತಂತಿ ಬಲ್ಬು ವೋಲ್ಟೇಜ್ ಇಳಿದಾಗ ಮಂಕಾಗಿ ತಾನೂ ಕಡಿಮೆ ಎಳೆದು ಲೈನಿಗೆ ಉಸಿರು ಬಿಡಲು ಜಾಗ ಕೊಡುತ್ತಿತ್ತು. ಒಂದು ಚಾರ್ಜರಿನಿಂದ ಆಗುವ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು ಸಣ್ಣದು, ನಿಜ. ಆದರೆ ಟೀವಿ, ಲ್ಯಾಪ್‌ಟಾಪ್, ಇನ್‌ವರ್ಟರ್ ಏಸಿ ಎಲ್ಲವೂ ಇದೇ ಸ್ವಭಾವದವು.

ಕಡಿಮೆಯ ಮಾತಾಯಿತು, ಹೆಚ್ಚಿನದ್ದೂ ಒಂದಿದೆ. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಮಾತ್ರ ತುಂಡಾದರೆ, ಬೇರೆ ಬೇರೆ ಫೇಸಿನಲ್ಲಿರುವ ಎರಡು ಮನೆಗಳು ಒಂದರ ಹಿಂದೆ ಒಂದು ಸರಣಿಯಲ್ಲಿ ಸೇರಿಕೊಂಡ ಹಾಗಾಗುತ್ತದೆ, ಅವುಗಳ ನಡುವೆ ಸುಮಾರು 400 ವೋಲ್ಟ್. ಸರಣಿಯಲ್ಲಿ ಯಾರ ರೋಧ ಹೆಚ್ಚೋ ಅವರಿಗೆ ವೋಲ್ಟೇಜ್ ಹೆಚ್ಚು. ಗೀಸರ್ ಹಾಕಿದ ಮನೆಗೆ ಕಡಿಮೆ, ಬರೀ ಒಂದು ಬಲ್ಬು, ಒಂದು ಚಾರ್ಜರ್ ಇರುವ ಬಡವರ ಮನೆಗೆ ಹೆಚ್ಚು. ಚಾರ್ಜರಿನೊಳಗಿನ ಆ ಕೆಪಾಸಿಟರಿನ ಮೇಲೆ ಸಾಮಾನ್ಯವಾಗಿ 400 ವೋಲ್ಟ್ ಎಂದು ಬರೆದಿರುತ್ತದೆ. 264 ವೋಲ್ಟ್ ಏಸಿಯ ಶಿಖರ 373, ಆದ್ದರಿಂದ ಅಲ್ಲಿಯವರೆಗೆ ಭಯವಿಲ್ಲ. 350 ವೋಲ್ಟ್ ಏಸಿ ಬಂದರೆ ಶಿಖರ 495. ಪಟ್ ಎಂದು ಒಡೆಯುತ್ತದೆ. ಯಾವ ಸಹನೆಗೂ ಒಂದು ಗಡಿ ಇದೆ. ಒಂದು ರಾತ್ರಿಯಲ್ಲಿ ಓಣಿಯ ನಾಲ್ಕು ಮನೆಯ ಟೀವಿ, ಚಾರ್ಜರ್ ಸುಟ್ಟರೆ ಅದನ್ನು ‘ಸಿಡಿಲು’ ಎಂದು ಬರೆದು ಮುಗಿಸುವ ಅಭ್ಯಾಸ ನಮಗಿದೆ. ಎಲ್ಲವೂ ಸಿಡಿಲಲ್ಲ.

ಈಗ ಕಾನೂನು ಏನು ಹೇಳುತ್ತದೆ? 1956ರ ಭಾರತೀಯ ವಿದ್ಯುತ್ ನಿಯಮಗಳ 54ನೇ ನಿಯಮವೇ ಇದನ್ನು ಹೇಳಿತ್ತು: ಮನೆಗಳಿಗೆ ಕೊಡುವ ಕಡಿಮೆ ಒತ್ತಡದ ವಿದ್ಯುತ್ತಿನಲ್ಲಿ ಘೋಷಿತ ವೋಲ್ಟೇಜಿಗಿಂತ ಶೇಕಡಾ 6ಕ್ಕಿಂತ ಹೆಚ್ಚು ಏರಿಳಿತ ಇರಬಾರದು. 230 ಎಂದು ಹಿಡಿದರೆ 216ರಿಂದ 244. 240 ಎಂದು ಹಿಡಿದರೆ ಸುಮಾರು 226ರಿಂದ 254. ಹೇಗೆ ಹಿಡಿದರೂ 170 ಅದರಲ್ಲಿ ಬರುವುದಿಲ್ಲ. 2003ರ ವಿದ್ಯುತ್ ಕಾಯ್ದೆಯ 57ನೇ ಕಲಮು ಸೇವೆಯ ಮಟ್ಟ ನಿಗದಿ ಮಾಡುವ ಅಧಿಕಾರವನ್ನು ಆಯೋಗಕ್ಕೆ ಕೊಟ್ಟಿದೆ, ಆ ಮಟ್ಟ ಮುಟ್ಟದಿದ್ದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು ಎಂದಿದೆ. ನಮ್ಮ ರಾಜ್ಯದಲ್ಲಿ ಆ ಆಯೋಗ ಕೆಇಆರ್‌ಸಿ. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲೂ ವೋಲ್ಟೇಜ್ ದೂರನ್ನು ಎಷ್ಟು ಸಮಯದಲ್ಲಿ ಬಗೆಹರಿಸಬೇಕು ಎಂಬುದು ಸೇವೆಯ ಒಂದು ಅಳತೆ. ಅಂದರೆ ಲೋ ವೋಲ್ಟೇಜ್ ಎನ್ನುವುದು ಮಳೆ, ಮಂಜು, ಉಂಬಳದ ಹಾಗೆ ಮಲೆನಾಡಿನ ಹಣೆಬರಹವಲ್ಲ, ಅದು ದೂರು ಕೊಡಬಹುದಾದ ಲೋಪ.

ಶೇಕಡಾ 6ರ ಗಡಿ ಸುಮ್ಮನೆ ಬರೆದಿದ್ದಲ್ಲ. ಮೋಟರ್, ಬಲ್ಬು, ಕಂಪ್ರೆಸರ್ ಮಾಡುವವರು ಈ ಗಡಿಯನ್ನು ನಂಬಿ ತಮ್ಮ ವಸ್ತು ಮಾಡುತ್ತಾರೆ. ವಿದ್ಯುತ್ ಕೊಡುವವರ ಮಾತು, ವಸ್ತು ಮಾಡುವವರ ಮಾತು, ಇವೆರಡರ ನಡುವಿನ ಒಪ್ಪಂದ ಅದು. ಚಾರ್ಜರ್ ಮಾಡುವವರು ಆ ಒಪ್ಪಂದಕ್ಕಿಂತ ಬಹಳ ಹೆಚ್ಚು ತಾಳುವ ವಸ್ತು ಮಾಡಿಕೊಟ್ಟರು ಎಂದ ಮಾತ್ರಕ್ಕೆ ವಿದ್ಯುತ್ ಕೊಡುವವರ ಜವಾಬ್ದಾರಿ ಕಡಿಮೆಯಾಗುವುದಿಲ್ಲ.

ಇನ್ನೊಂದು ಬದಿಯ ಮಾತನ್ನೂ ಹೇಳಬೇಕು. ಚದುರಿದ ಮನೆಗಳಿಗೆ ಲೈನು ಎಳೆಯುವುದು ದುಬಾರಿ. ಕಾಡಿನ ನಡುವೆ ಹೊಸ ಕಂಬ ಹಾಕಲು ಅನುಮತಿ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆಷ್ಟು ಮರ ಬೀಳುತ್ತವೋ. ಪವರ್‌ಮ್ಯಾನ್‌ಗಳು, ನಮ್ಮ ಬಾಯಲ್ಲಿ ಈಗಲೂ ಲೈನ್‌ಮ್ಯಾನ್‌ಗಳು, ಆ ಮಳೆಯಲ್ಲಿ ಕಂಬ ಹತ್ತುವುದನ್ನು ನಾವೆಲ್ಲ ಕಂಡಿದ್ದೇವೆ. ನನ್ನ ದೂರು ಅವರ ಮೇಲೆ ಅಲ್ಲ. ತಂತಿಯ ದಪ್ಪವನ್ನು, ಟ್ರಾನ್ಸ್‌ಫಾರ್ಮರ್ ಎಲ್ಲಿ ಕೂರಬೇಕು ಎಂಬುದನ್ನು ತೀರ್ಮಾನಿಸುವವರು ಅವರಲ್ಲ. ಆದರೆ ‘ಕೆಲವೇ ಮನೆಗಳಿಗೆ ಇಷ್ಟು ಖರ್ಚೇ?’ ಎಂಬ ವಾದವನ್ನು ನರಸಿಂಹರಾಜಪುರದ ಕಡೆಯವರ ಮುಂದೆ ಹೇಳುವ ಮುಂಚೆ ಯೋಚಿಸಬೇಕು. ಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಗದ್ದೆ, ತೋಟ, ಮನೆ ಬಿಟ್ಟುಕೊಟ್ಟವರ ಮೊಮ್ಮಕ್ಕಳು ಆ ಕಡೆಯವರು. ಆ ಅಣೆಕಟ್ಟಿನಲ್ಲಿ ನೀರಾವರಿಯ ಜೊತೆಗೆ ವಿದ್ಯುತ್ತೂ ತಯಾರಾಗುತ್ತದೆ.

ಎಲ್ಲದಕ್ಕೂ ಕೋಟಿಗಟ್ಟಲೆ ಹಣ ಬೇಕಿಲ್ಲ. ಒಂದೇ ಫೇಸಿಗೆ ಹೆಚ್ಚು ಮನೆ ಜೋಡಿಸಿದ್ದರೆ ಅವನ್ನು ಮೂರು ಫೇಸಿಗೆ ಹಂಚಬಹುದು. ಆಗ ನ್ಯೂಟ್ರಲಿನಲ್ಲಿ ಹರಿಯುವ ಕರೆಂಟೂ ಕಡಿಮೆಯಾಗುತ್ತದೆ. ಸಡಿಲ ಜೋಡಣೆ ಬಿಗಿ ಮಾಡಬಹುದು. ಅಳಿಲನ್ನು ತೆಗೆದು ಮೊಲ ಹಾಕಬಹುದು. ಎಲ್ಲಕ್ಕಿಂತ ಒಳ್ಳೆಯದು 11,000 ವೋಲ್ಟಿನ ಲೈನನ್ನೇ ಮನೆಗಳ ಹತ್ತಿರಕ್ಕೆ ತಂದು 25 ಕೆವಿಎಯ ಸಣ್ಣ ಟ್ರಾನ್ಸ್‌ಫಾರ್ಮರ್ ಕೂರಿಸುವುದು. ವೋಲ್ಟೇಜ್ ಹೆಚ್ಚಿದ್ದರೆ ಅಷ್ಟೇ ಶಕ್ತಿಗೆ ಕರೆಂಟ್ ಕಡಿಮೆ ಸಾಕು, ದಾರಿಯ ನಷ್ಟ ಇಲ್ಲವೇ ಇಲ್ಲ ಎನ್ನುವಷ್ಟು. ಟ್ಯಾಪ್ ಬದಲಿಸಿ ಟ್ರಾನ್ಸ್‌ಫಾರ್ಮರಿನ ವೋಲ್ಟೇಜನ್ನೇ ಏರಿಸುವ ಸುಲಭದ ದಾರಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ತುದಿಯ ಮನೆಗೆ 200 ಬರಲಿ ಎಂದು ಏರಿಸಿದರೆ ಹತ್ತಿರದ ಮನೆಗೆ ನಡುರಾತ್ರಿ 260 ಬಂದು ಬಲ್ಬು ಹೋಗುತ್ತದೆ.

ಇದೆಲ್ಲ ಆಗಬೇಕಾದರೆ ಅಂಕಿ ಬೇಕು. ‘ಸಾರ್, ನಮ್ಮಲ್ಲಿ ವೋಲ್ಟೇಜೇ ಇರಲ್ಲ’ ಎಂದರೆ ‘ಆಯ್ತು, ನೋಡ್ತೇವೆ ಮಾರಾಯ’ ಎಂದು ಕಳಿಸುತ್ತಾರೆ. ‘ಹದಿನೈದು ದಿನ ಸಂಜೆ 7 ಗಂಟೆಗೆ ಅಳೆದಿದ್ದೇವೆ, ಇಗೋ ಪಟ್ಟಿ’ ಎಂದು ಕೊಟ್ಟರೆ ಹಾಗೆ ಕಳಿಸುವುದು ಕಷ್ಟ. ವಿಜ್ಞಾನ ಓದುವ ನಾವು ಊರಿಗೆ ಮಾಡಬಹುದಾದ ಅತಿ ಅಗ್ಗದ ಸೇವೆ ಇದು. ಕಾಮರ್ಸ್, ಆರ್ಟ್ಸ್‌ನವರೂ ಮಾಡಬಹುದು. ಅರ್ಜಿ ಬರೆಯುವುದರಲ್ಲಿ ಅವರೇ ನಮಗಿಂತ ಮುಂದು.

ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಡಿಜಿಟಲ್ ವೋಲ್ಟ್‌ಮೀಟರ್‌ಗಳು ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುತ್ತವೆ. ಹಲವು ಸ್ಟೆಬಿಲೈಸರ್‌ಗಳ ಮುಖದ ಮೇಲೆ ಒಳಬರುವ ವೋಲ್ಟೇಜ್ ತೋರಿಸುವ ಸಂಖ್ಯೆ ಇದೆ, ಕೆಲವು ಹೊಸ ಮೀಟರ್‌ಗಳ ಪರದೆಯಲ್ಲೂ ಅದು ಬರುತ್ತದೆ. ದಯವಿಟ್ಟು ಯಾರೂ ಲ್ಯಾಬಿನ ಮಲ್ಟಿಮೀಟರ್ ಕಡ್ಡಿಗಳನ್ನು ಪ್ಲಗ್ಗಿನೊಳಗೆ ತೂರಿಸಬೇಡಿ, ಅದು 5 ವೋಲ್ಟಿನ ಬ್ರೆಡ್‌ಬೋರ್ಡ್ ಅಲ್ಲ. ಬೆಳಿಗ್ಗೆ 6, ಮಧ್ಯಾಹ್ನ 2, ಸಂಜೆ 7, ರಾತ್ರಿ 10, ಹೀಗೆ ದಿನಕ್ಕೆ ನಾಲ್ಕು ಸಲ ಬರೆದರೆ ಸಾಕು. ಜೊತೆಗೆ ಬಿಲ್ಲಿನ ಮೇಲಿರುವ ಆರ್.ಆರ್. ನಂಬರ್, ಟ್ರಾನ್ಸ್‌ಫಾರ್ಮರಿನಿಂದ ಮನೆಗೆ ಎಷ್ಟು ಕಂಬ ಎಂಬ ಎಣಿಕೆ. ಮೊದಲು 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಒಂದೇ ಟ್ರಾನ್ಸ್‌ಫಾರ್ಮರಿನ ಮನೆಗಳವರು ಸೇರಿ ಪಟ್ಟಿಯ ಪ್ರತಿಯೊಂದಿಗೆ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಲ್ಲಿಗೂ ಆಗದಿದ್ದರೆ ಕಾಯ್ದೆಯ 42ನೇ ಕಲಮಿನ ಪ್ರಕಾರ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಅದಕ್ಕೆ ವಕೀಲರೇ ಬೇಕೆಂದಿಲ್ಲ.

ಮೂರು ತಾಲೂಕಿನಿಂದ ತಲಾ ಐದು ಮನೆ ಸಿಕ್ಕರೆ ಮುಂದಿನ ಸಂಚಿಕೆಗೆ ನಾವೇ ಒಂದು ನಕ್ಷೆ ಮಾಡಬಹುದು. ಲೈನಿನ ತುದಿಯ ಮನೆಗಳವರು, ಅದರಲ್ಲೂ ಸ್ಟೆಬಿಲೈಸರ್ ಇಲ್ಲದ ಮನೆಗಳವರು ಮೊದಲು ಹೆಸರು ಕೊಡಿ. ವೋಲ್ಟ್‌ಮೀಟರ್ ಕೊಳ್ಳಲು ಆಗದವರಿಗೆ ಹದಿನೈದು ದಿನಕ್ಕೆ ಒಂದನ್ನು ಸರದಿಯ ಮೇಲೆ ಕೊಡುವಂತೆ ಭೌತಶಾಸ್ತ್ರ ವಿಭಾಗವನ್ನು ಕೇಳೋಣ. ಶೃಂಗೇರಿ ಕಡೆಯವರಿಗೆ ಒಂದು ಮಾತು: ಬಸ್ಸಿಗೆ ಬೆಳಿಗ್ಗೆ ಆರಕ್ಕೇ ಹೊರಡುವವರು ಬೆಳಗಿನ ಅಳತೆಯನ್ನು ಮನೆಯಲ್ಲಿ ತಂಗಿಗೋ ಅಜ್ಜನಿಗೋ ವಹಿಸಿ ಬನ್ನಿ, ಸಂಜೆಯದ್ದನ್ನು ಮಾತ್ರ ತಪ್ಪಿಸಬೇಡಿ.